ತಿಂಗಳ ಜಾಗದಲ್ಲಿ ನಿಮಿಷ

ನಮ್ಮ ಊರಿನಲ್ಲಿ ಸೂರ್ಯ ಹುಟ್ಟಿ ಎಷ್ಟೋ ಹೊತ್ತಾದ ಮೇಲೆ ದಿನ ಹುಟ್ಟುತ್ತದೆ. ಸೂರ್ಯನದು ಅವನ ಪಾಡು. ದಿನ ಮಾತ್ರ ತಾರೀಖು ಕಚೇರಿಯ ನೆತ್ತಿಯ ಮೇಲಿರುವ ಬೋರ್ಡಿನಲ್ಲೇ ಬರಬೇಕು. ಗುಮಾಸ್ತ ರಾಚಪ್ಪ ಹತ್ತರಿಂದ ಹನ್ನೊಂದರ ಒಳಗೆ ಯಾವಾಗಲಾದರೂ ಬಂದು ಗುಂಡಿ ಒತ್ತಬೇಕು, ಕೆಂಪು ಅಕ್ಷರ ಹತ್ತಿಕೊಳ್ಳಬೇಕು, ಆಗ ಅದು ಇವತ್ತು. ಅಲ್ಲಿಯವರೆಗೆ ನಿನ್ನೆಯೂ ಅಲ್ಲ, ಇವತ್ತೂ ಅಲ್ಲ, ಸುಮ್ಮನೆ ಬೆಳಕು. ಆ ಬೆಳಕಿನಲ್ಲಿ ಹಾಲು ಕರೆಯಬಹುದು, ಅಂಗಳ ಗುಡಿಸಬಹುದು, ಪಕ್ಕದ ಮನೆಯವರ ಹತ್ತಿರ ಜಗಳ ಶುರುಮಾಡಬಹುದು. ತಾರೀಖು ಮಾತ್ರ ಬಾಯಿಗೆ ಬರಕೂಡದು.

ನಮ್ಮ ಯಜಮಾನರು ಜೈಲಿಗೆ ಹೋದದ್ದು ಹಾಗೆ. ನಮ್ಮದು ಛತ್ರಿ ರಿಪೇರಿಯ ಅಂಗಡಿ. ಕಡ್ಡಿ ಕೂರಿಸುವುದು ಅವರು, ಬಟ್ಟೆ ಹೊಲಿಯುವುದು ನಾನು. ಒಂದು ಬೆಳಗ್ಗೆ, ಬೋರ್ಡು ಹತ್ತುವ ಮೊದಲೇ, ಯಾರೋ ಕಾಲು ಮುರಿದ ಕೋಳಿಯ ಹಾಗಿದ್ದ ಛತ್ರಿ ತಂದು "ಯಾವಾಗ ಕೊಡ್ತೀರಿ?" ಎಂದರು. ತಂತಿ ತಿರುಚುತ್ತಿದ್ದ ನಮ್ಮವರು ತಲೆ ಎತ್ತದೆ, "ಇವತ್ತು ಹದಿನೆಂಟಲ್ವ, ಇಪ್ಪತ್ತಕ್ಕೆ ಬನ್ನಿ" ಎಂದುಬಿಟ್ಟರು. ಎದುರಿನ ಕಟ್ಟೆಯ ಮೇಲೆ ಪೊಲೀಸಿನವನೊಬ್ಬ ಬೇವಿನ ಕಡ್ಡಿ ಅಗಿಯುತ್ತ ಕೂತಿದ್ದ. ಮುಗಿಯಿತು. ಸರ್ಕಾರಕ್ಕಿಂತ ಮೊದಲು ತಾರೀಖು ಹೇಳಿದ ಅಪರಾಧ.

"ಅವತ್ತು ಹದಿನೆಂಟೇ ಆಗಿತ್ತಲ್ಲ ಸ್ವಾಮಿ" ಎಂದು ನಾನು ನ್ಯಾಯಾಧೀಶರಿಗೆ ಕೈಮುಗಿದೆ.

"ಅದಕ್ಕೇ ಶಿಕ್ಷೆ. ತಪ್ಪು ಹೇಳಿದ್ದಿದ್ದರೆ ಹುಚ್ಚ ಎಂದು ಬಿಟ್ಟುಬಿಡುತ್ತಿದ್ದೆವು" ಎಂದರು ಅವರು.

ಅಪ್ಪಣೆಯ ಚೀಟಿಯಲ್ಲಿ ಬಿಡುಗಡೆಯ ದಿನ ಬರೆದುಕೊಟ್ಟರು. ಹತ್ತನೇ ತಾರೀಖು, ನಾಲ್ಕನೇ ತಿಂಗಳು, ಇದೇ ವರ್ಷ. ಐವತ್ತು ದಾಟಿದ ಮೇಲೆ ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರ ನನ್ನದು, ಒಂದೊಂದನ್ನೂ ಬೆರಳಿನಿಂದ ಮುಟ್ಟಿಕೊಂಡು ಓದಿದೆ. ಮೂರು ತಿಂಗಳ ಮಾತು. ಮೂರು ತಿಂಗಳು ಕಾಯುವುದೇನು ದೊಡ್ಡದು, ನಾನು ಅಕ್ಷರಕ್ಕೇ ಐವತ್ತು ವರ್ಷ ಕಾದವಳು ಎಂದುಕೊಂಡೆ.

ಅಷ್ಟರಲ್ಲಿ ತಾರೀಖು ಕಚೇರಿಗೆ ಹೊಸ ಪ್ರೋಗ್ರಾಂ ಬಂತು. ಕಂಪ್ಯೂಟರಿನ ಹೊಟ್ಟೆಯೊಳಗೆ ದಿನವೆಂಬುದು ಬರೀ ಒಂದು ಉದ್ದನೆಯ ಸಂಖ್ಯೆಯಂತೆ, ಅದಕ್ಕೆ ತಲೆಯಿಲ್ಲ, ಬಾಲವಿಲ್ಲ. ಅದನ್ನು ಜನ ಓದುವ ಹಾಗೆ ಬರಹ ಮಾಡಿಕೊಡುವುದು ಪ್ರೋಗ್ರಾಮಿನ ಕೆಲಸ. ಮೊದಲನೇ ಮನೆಯಲ್ಲಿ ತಾರೀಖು ಇಡು, ಎರಡನೇ ಮನೆಯಲ್ಲಿ ತಿಂಗಳು ಇಡು, ಮೂರನೇ ಮನೆಯಲ್ಲಿ ವರ್ಷ ಇಡು ಎಂದು ಹೇಳಿಕೊಟ್ಟರೆ ಅದು ಹಾಗೇ ಇಡುತ್ತದೆ. ಪಾಪ, ಅದಕ್ಕೆ ಸ್ವಂತ ಬುದ್ಧಿ ಇಲ್ಲ, ಹಾಗಾಗಿ ಅದರ ಮೇಲೆ ಒಂದು ಸಮಿತಿ ಇತ್ತು.

ಸಮಿತಿಯವರು ಬಹಳ ಕಾಲ ಕೂತು ಚರ್ಚೆ ಮಾಡಿದರು. ಏನನ್ನು? ಮನೆಮನೆಯ ನಡುವೆ ಯಾವ ಬೇಲಿ ಹಾಕಬೇಕು ಎಂಬುದನ್ನು. ಅಡ್ಡಗೆರೆ ಇರಲಿ ಎಂದು ಅರ್ಧ ಜನ, ಓರೆಗೆರೆ ಇರಲಿ ಎಂದು ಅರ್ಧ ಜನ. ಚುಕ್ಕಿಯೇ ಚೆಂದ ಎಂದ ಒಬ್ಬರನ್ನು ಎರಡೂ ಕಡೆಯವರು ಸೇರಿ ಹೊರಗೆ ಹಾಕಿದರು. ಅಡ್ಡಗೆರೆಯವರ ಮನೆಯ ಹೆಣ್ಣನ್ನು ಓರೆಗೆರೆಯವರು ನಿಶ್ಚಯವಾದ ಮೇಲೂ ಬೇಡ ಎಂದರು. ಕೊನೆಗೆ ಅಡ್ಡಗೆರೆ ಗೆದ್ದಿತು, ಪಟಾಕಿ ಹೊಡೆದರು. ಈ ಗಲಾಟೆಯಲ್ಲಿ ಎರಡನೇ ಮನೆಯೊಳಗೆ ಯಾರು ಸಂಸಾರ ಹೂಡಿದ್ದಾರೆ ಎಂದು ಯಾರೂ ಇಣುಕಿ ನೋಡಲಿಲ್ಲ. ಪ್ರೋಗ್ರಾಂ ಬರೆದಾತ ಅಲ್ಲಿ ತಿಂಗಳನ್ನು ಇಡುವ ಬದಲು ಗಡಿಯಾರದ ನಿಮಿಷವನ್ನು ಇಟ್ಟುಬಿಟ್ಟಿದ್ದ.

ಪರೀಕ್ಷೆ ಮಾಡಲಿಲ್ಲವೇ ಎಂದು ಕೇಳಬಹುದು. ಮಾಡಿದರು. ಎರಡನೇ ತಿಂಗಳಿನ ಒಂದು ಒಳ್ಳೆಯ ದಿನ, ಹತ್ತು ಗಂಟೆ ಎರಡು ನಿಮಿಷದ ಮುಹೂರ್ತದಲ್ಲಿ, ಅಧ್ಯಕ್ಷರು ಹಾರ ಹಾಕಿಕೊಂಡು ಬಂದು ಗುಂಡಿ ಒತ್ತಿದರು. ಎರಡನೇ ಮನೆಯಲ್ಲಿ ಎರಡು ಬಂತು. ಊರಿಗೆ ಊರೇ ಚಪ್ಪಾಳೆ ತಟ್ಟಿತು. ಪ್ರೋಗ್ರಾಂ ಬರೆದಾತ ಶಾಲು ಹೊದ್ದುಕೊಂಡು ಬಸ್ಸು ಹತ್ತಿದ.

ಮಾರನೇ ದಿನ ರಾಚಪ್ಪ ತನ್ನ ವಾಡಿಕೆಯ ಹೊತ್ತಿಗೆ, ಅಂದರೆ ಊರೆಲ್ಲ ಕಾದು ಸುಸ್ತಾದ ಮೇಲೆ, ಬಂದು ಗುಂಡಿ ಒತ್ತಿದ. ಮೂವತ್ತೇಳನೇ ತಿಂಗಳು ಹತ್ತಿಕೊಂಡಿತು.

ಬೋರ್ಡಿನ ಕೆಳಗೆ ನಿಂತ ಜನ ಕಣ್ಣುಜ್ಜಿಕೊಂಡು ಮತ್ತೊಮ್ಮೆ ಓದಿದರು. ಬಳೆ ಮಾರುವ ಸಾಕವ್ವ ನನ್ನ ಮೊಣಕೈ ತಿವಿದು, "ಹೊನ್ನಕ್ಕ, ಮೂವತ್ತೇಳು ಅಂದ್ರೆ ಮಳೆಗಾಲ್ವೋ ಚಳಿಗಾಲ್ವೋ?" ಎಂದಳು.

"ಅಂಥಾ ತಿಂಗ್ಳು ಎಲ್ಲವ್ವ ಅದೆ?"

"ಬೋರ್ಡೇ ಹೇಳ್ದ ಮೇಕೆ ಇದ್ದೇ ಇರ್ತದೆ ಬುಡು. ನಮಗೆ ಗೊತ್ತಿರ್ಲಿಲ್ಲ ಅಷ್ಟೆಯ. ನಮಗೇನ್ ಎಲ್ಲಾ ಗೊತ್ತಿರ್ತದಾ?"

ಹೀಗೆ ನಮ್ಮೂರಿಗೆ ಹೊಸ ತಿಂಗಳುಗಳು ಬಂದವು. ಒಂದು ದಿನ ನಲವತ್ತೆರಡನೇ ತಿಂಗಳು, ಮಾರನೇ ದಿನ ಮೂವತ್ತಮೂರು, ಅದರ ಮಾರನೇ ದಿನ ಐವತ್ತೊಂದು. ತಾರೀಖು ಸರಿ, ವರ್ಷ ಸರಿ, ನಡುವಿನದು ಮಾತ್ರ ರಾಚಪ್ಪನ ನಿದ್ದೆಯ ಮೇಲೆ ನಿಂತಿತ್ತು. ಸಮಿತಿಯವರು ಪ್ರೋಗ್ರಾಂ ತಿದ್ದುವುದಕ್ಕೆ ಮೇಲಿನ ಕಚೇರಿಗೆ ಬರೆದುಕೊಂಡರು. ಉತ್ತರ ಬರುವವರೆಗೆ ಆಡಳಿತ ನಿಲ್ಲಬಾರದಲ್ಲ, ಆ ತಿಂಗಳುಗಳಿಗೆ ಋತು ಹಂಚಿದರು. ಮೂವತ್ತರ ಸಾಲು ಚಳಿ, ನಲವತ್ತರ ಸಾಲು ಮಳೆ, ಐವತ್ತರ ಸಾಲು ಬಿಸಿಲು. ಹಳೆಯ ಹನ್ನೆರಡಕ್ಕೆ ಹಳೆಯ ಋತುವೇ. ಬೋರ್ಡಿನ ಋತುವಿಗೆ ತಕ್ಕ ಹಾಗೆ ನಡೆದುಕೊಳ್ಳದವರ ಮೇಲೆ ಕ್ರಮ ಎಂದು ಡಂಗುರ ಸಾರಿಸಿದರು. ಹೊರಗೆ ನೆತ್ತಿ ಬಿರಿಯುವ ಬೇಸಿಗೆ. ಮೂವತ್ತೊಂಬತ್ತು ಬಂದ ದಿನ ಜನ ಕಂಬಳಿ ಹೊದ್ದು ಸಂತೆಗೆ ಬಂದರು, ಒಬ್ಬರಿಗೊಬ್ಬರು "ಏನ್ ಚಳಿ, ಏನ್ ಚಳಿ" ಎನ್ನುತ್ತ ಬೆವರು ಒರೆಸಿಕೊಂಡರು. ನಲವತ್ತರ ಸಾಲು ಬಂತೆಂದರೆ ಛತ್ರಿ ಬಿಚ್ಚಿ, ಹೆಂಗಸರು ಸೀರೆಯ ನೆರಿಗೆ ಎತ್ತಿಕೊಂಡು, ಒಣಗಿದ ಬೀದಿಯಲ್ಲಿ ಇಲ್ಲದ ಕೆಸರು ದಾಟಿಕೊಂಡು ನಡೆದರು. ನನ್ನ ಅಂಗಡಿಗೆ ವ್ಯಾಪಾರ ಜೋರಾಯಿತು, ಸುಳ್ಳು ಯಾಕೆ ಹೇಳಲಿ.

ಹಬ್ಬಗಳದ್ದೇ ಕಷ್ಟವಾಯಿತು. ಮೂವತ್ತರ ಕೆಳಗೆ ತಿಂಗಳು ಇಳಿಯುವುದೇ ಇಲ್ಲ, ಹಬ್ಬ ಬರುವುದೆಲ್ಲಿಂದ? ಮಕ್ಕಳು ಶಾಲೆಯಲ್ಲಿ ಐವತ್ತೊಂಬತ್ತು ತಿಂಗಳ ಹೆಸರು ಬಾಯಿಪಾಠ ಮಾಡುತ್ತಿದ್ದರೆ, ದೊಡ್ಡವರು ಒಬ್ಬಟ್ಟು ತಿನ್ನಲು ಯಾವ ಸಂಖ್ಯೆಯ ಕಾಲು ಹಿಡಿಯಬೇಕು ಎಂದು ಲೆಕ್ಕ ಹಾಕುತ್ತಿದ್ದರು. ನಮ್ಮ ಹಿತ್ತಲ ಮಾವಿನ ಮರವೊಂದು ಮಾತ್ರ ಯಾರನ್ನೂ ಕೇಳದೆ ತನ್ನ ಹೊತ್ತಿಗೆ ಕಾಯಿ ಬಿಟ್ಟಿತು. ಅದಕ್ಕೆ ಓದು ಬರುವುದಿಲ್ಲವಲ್ಲ.

ಇದೆಲ್ಲ ನನಗೆ ನಗೆಯಾಗಿಯೇ ಇತ್ತು, ನಿಜವಾದ ನಾಲ್ಕನೇ ತಿಂಗಳಿನ ಹತ್ತನೇ ತಾರೀಖು ಬರುವವರೆಗೆ. ಅವತ್ತು ನಮ್ಮವರ ಒಗೆದ ಪಂಚೆ, ಅಂಗಿ ಹಿಡಿದುಕೊಂಡು ಜೈಲಿನ ಬಾಗಿಲಿಗೆ ಹೋದೆ. ಜೈಲರ್ ಮುದ್ದುರಂಗಯ್ಯನವರು ಒಳ್ಳೆಯ ಮನುಷ್ಯರು. ನನಗೆ ಕುರ್ಚಿ ಕೊಟ್ಟರು, ನೀರು ಕೊಟ್ಟರು. ಆಮೇಲೆ ಅಪ್ಪಣೆಯ ಚೀಟಿಯನ್ನು ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ, ದೂರದ ಬೋರ್ಡಿಗೆ ತಾಳೆ ನೋಡಿದರು. ಬೋರ್ಡಿನಲ್ಲಿ ಹತ್ತನೇ ತಾರೀಖು, ನಲವತ್ತಾರನೇ ತಿಂಗಳು.

"ಹೊಂದ್ತಾ ಇಲ್ಲ ತಾಯಿ" ಎಂದರು.

"ಹೊರಗೆ ಹೊಂಗೆ ಹೂ ಬಿಟ್ಟದೆ, ನೋಡಿ ಸ್ವಾಮಿ. ಇದು ನಾಲ್ಕನೇ ತಿಂಗಳೇ ಅಲ್ವಾ?"

"ನಂಗೂ ಕಾಣ್ತದೆ. ಆದ್ರೆ ನಾನು ದಿನಕ್ಕೆ ದಿನ ಹೊಂದಿಸೋನಲ್ಲ ತಾಯಿ, ಬರಹಕ್ಕೆ ಬರಹ ಹೊಂದಿಸೋನು. ಈ ಚೀಟಿನಾಗೆ ಏನು ಬರ್ದಿದೆಯೋ, ಆ ಬೋರ್ಡ್ನಾಗೆ ಅದೇ, ಅಕ್ಷರಕ್ಕೆ ಅಕ್ಷರ ಬರಬೇಕು. ಬಂದ ದಿನ ನಾನೇ ಬಾಗ್ಲು ತೆಗೀತೀನಿ. ಬರದಿದ್ರೆ ನನ್ನ ಕೈಲೇನೂ ಇಲ್ಲ."

ಅಲ್ಲಿಂದ ನೇರ ತಾರೀಖು ಕಚೇರಿಗೆ ಹೋದೆ. ರಾಚಪ್ಪ ಕಿಟಕಿಯ ಹಿಂದೆ ಕೂತು ಅವಲಕ್ಕಿ ತಿನ್ನುತ್ತಿದ್ದ. ಗಟ್ಟಿ ಆಸಾಮಿ, ತಲೆಗೆ ಬಣ್ಣ ಹಚ್ಚುತ್ತಿದ್ದ, ನಿವೃತ್ತಿಗೆ ಹತ್ತಿರವಾಗಿದ್ದ. ನಾನು ಹೇಳಿದ್ದನ್ನೆಲ್ಲ ಕೇಳಿ, "ಅದು ಊರಿಗೆಲ್ಲಾ ಗೊತ್ತಿರೋ ವಿಷಯ ಹೊನ್ನಕ್ಕ. ತಿಂಗಳ ಜಾಗದಲ್ಲಿ ನಿಮಿಷ ಬರ್ತದೆ. ನಿಮ್ಮೋರು ಹೊರಗೆ ಬರಬೇಕು ಅಂದ್ರೆ ಹತ್ತನೇ ತಾರೀಖು ಹತ್ತು ಗಂಟೆ ನಾಲ್ಕು ನಿಮಿಷಕ್ಕೆ ಸರಿಯಾಗಿ ಗುಂಡಿ ಒತ್ತಬೇಕು" ಎಂದ.

"ಹಂಗಾದ್ರೆ ಮುಂದಿನ ಹತ್ತಕ್ಕೆ ಹೊತ್ತಿಗೆ ಸರ್ಯಾಗಿ ಬಾರಪ್ಪ. ಅಷ್ಟೆ ತಾನೆ?"

ಅವಲಕ್ಕಿ ಗಂಟಲಿಗೆ ಸಿಕ್ಕಿತು ಅವನಿಗೆ. "ಹೊತ್ತಿಗೆ ಸರಿಯಾಗಿ? ಅಕ್ಕ, ನಾನು ಸೇರಿದಾಗಿನಿಂದ ಆ ಕೆಲಸ ಮಾಡಿಲ್ಲ. ಇವತ್ತು ನಿಮಗೆ ಅಂತ ಬಂದ್ರೆ ನಾಳೆ ಎಲ್ಲರೂ ಕೇಳ್ತಾರೆ. ನಮ್ಮ ಸಂಘದೋರು ಸುಮ್ನಿರ್ತಾರಾ? ಮನುಷ್ಯ ಹೊತ್ತಿಗೆ ಬರೋ ಹಾಗಿದ್ರೆ ಮಿಷನ್ ಯಾಕೆ ಬೇಕಿತ್ತು?" ಆಮೇಲೆ ದನಿ ತಗ್ಗಿಸಿ, ನಿಜವಾದ ಕಾರಣ ಹೇಳಿದ. ಅವನ ನಿವೃತ್ತಿಯ ಆದೇಶ ಐದನೇ ತಿಂಗಳಿನ ಮೂವತ್ತೊಂದು. ಬೋರ್ಡಿನಲ್ಲಿ ಅದು ಬರೆದುಕೊಂಡು ಬಂದ ದಿನವೇ ಅವನು ಕುರ್ಚಿ ಬಿಡಬೇಕು. ಬರದಿದ್ದರೆ ಬಿಡುವ ಹಾಗೇ ಇಲ್ಲ. "ನಾಲ್ಕರ ಪಕ್ಕದ ಮನೇಲೇ ಐದು ಇರೋದು ಅಕ್ಕ. ಆ ಬೀದಿ ಕಡೆ ಓಡಾಟ ಅಭ್ಯಾಸ ಆಗೋದೇ ಬ್ಯಾಡ."

"ಹತ್ತನೇ ತಾರೀಖೇ ಬ್ಯಾರೆ, ಮೂವತ್ತೊಂದೇ ಬ್ಯಾರೆ ಕಣಪ್ಪ."

"ಕಾಲು ಜಾರೋಕೆ ತಾರೀಖು ಬೇಕಾ?"

ನಾನು ವಾದ ಮಾಡಲಿಲ್ಲ. ಮಾರನೇ ದಿನದಿಂದ ಹೊಲಿಗೆಯ ಬುಟ್ಟಿ ತೆಗೆದುಕೊಂಡು ಹೋಗಿ ಅವನ ಕಿಟಕಿಯ ಎದುರು ಕೂತೆ. ಬೈಯಲಿಲ್ಲ, ಅಳಲಿಲ್ಲ, ಛತ್ರಿಗೆ ಬಟ್ಟೆ ಹೊಲಿಯುತ್ತ ಕೂತೆ. ಅವನು ತಲೆ ಎತ್ತಿದಾಗಲೆಲ್ಲ ನಾನೂ ತಲೆ ಎತ್ತಿ, "ಏನಪ್ಪ ರಾಚಪ್ಪ, ಊಟ ಆಯ್ತಾ?" ಎಂದು ಕೇಳುತ್ತಿದ್ದೆ. ಹೀಗೆ ಒಂದು ತಿಂಗಳು ಕೇಳಿದ ಮೇಲೆ, "ಸರಿ, ಈ ಹತ್ತಕ್ಕೆ ಬರ್ತೀನಿ, ನೀವು ಆ ಸೂಜಿ ಒಳಗಿಡಿ" ಎಂದ.

ಬಂದ, ಹತ್ತು ಹೊಡೆಯುವ ಮೊದಲೇ ಬಂದ. ಆ ಹೊತ್ತಿನಲ್ಲಿ ಅವನನ್ನು ಕಂಡು ಕಚೇರಿಯ ಕಾವಲುಗಾರ ಕಳ್ಳನೆಂದು ತಡೆದನಂತೆ. ಒಳಗೆ ಹೋದವನು ಚಪ್ಪಲಿ ಬಿಟ್ಟ, ಕೈಕಾಲು ತೊಳೆದ, ಮಿಷನ್ನಿಗೆ ಅರಿಶಿನ ಕುಂಕುಮ ಹಚ್ಚಿದ, ಊದುಬತ್ತಿ ಹಚ್ಚಿದ, ಅದು ಆರಿತು, ಇನ್ನೊಂದು ಹಚ್ಚಿದ. ಹೊರಗೆ ನಿಂತ ನನಗೆ ಅವನ ಬೆನ್ನು ಕಾಣುತ್ತಿತ್ತು. ನಾಲ್ಕನೇ ನಿಮಿಷ ದಾಟಿತು, ಐದನೆಯದೂ ದಾಟಿತು. ಐದು ದಾಟಿದ ಮೇಲೆ ಬೆನ್ನು ಸಡಿಲವಾಯಿತು. ಗುಂಡಿ ಒತ್ತಿದಾಗ ಬೋರ್ಡಿನಲ್ಲಿ ಬಂದದ್ದು ಹತ್ತೊಂಬತ್ತು. ಆ ತಿಂಗಳನ್ನು ಯಾರೂ ನೋಡಿಯೇ ಇರಲಿಲ್ಲ, ಅದಕ್ಕೆ ಋತುವನ್ನೂ ಹಂಚಿರಲಿಲ್ಲ. ಏನು ಉಟ್ಟುಕೊಳ್ಳಬೇಕು ಎಂದು ತಿಳಿಯದೆ ಊರಿನವರೆಲ್ಲ ಅವತ್ತು ಬಾಗಿಲು ಹಾಕಿಕೊಂಡು ಒಳಗೇ ಉಳಿದರು. ಬೀದಿಯಲ್ಲಿ ನಾನೊಬ್ಬಳೇ, ಒಗೆದ ಪಂಚೆ ಹಿಡಿದುಕೊಂಡು ಹಿಂದಿರುಗಿ ಬಂದೆ.

ರಾಚಪ್ಪ ತನ್ನ ಮೂವತ್ತೊಂದನೇ ತಾರೀಖನ್ನು ಐವತ್ತೇಳನೇ ತಿಂಗಳಿನಲ್ಲಿ ದಾಟಿಸಿಬಿಟ್ಟ. ಅದಾದ ಕೆಲವು ದಿನಕ್ಕೆ ಮೇಲಿನ ಕಚೇರಿಯಿಂದ ಉತ್ತರವೂ ಬಂತು. ಪ್ರೋಗ್ರಾಂ ತಿದ್ದುವ ಮೇಡಂ ಒಬ್ಬರು ಬರುವ ಹನ್ನೊಂದನೇ ತಾರೀಖಿಗೆ ಬರುತ್ತಾರೆ, ಅಂದಿನಿಂದ ತಿಂಗಳ ಜಾಗದಲ್ಲಿ ತಿಂಗಳೇ ಬರುತ್ತದೆ. ಊರಿಗೆ ಊರೇ ಸಂಭ್ರಮ ಪಟ್ಟಿತು. ಸಾಕವ್ವ ಕಂಬಳಿ ಒಗೆದು ಮೇಲಿಟ್ಟಳು.

ನಾನು ಜೈಲಿಗೆ ಓಡಿದೆ. "ತಿದ್ದಿದ ಮೇಕೆ ಸರಿಹೋಯ್ತದಲ್ವಾ ಸ್ವಾಮಿ?"

ಮುದ್ದುರಂಗಯ್ಯನವರು ಬಹಳ ಹೊತ್ತು ಚೀಟಿ ನೋಡಿದರು. "ತಿದ್ದಿದ ಮೇಲೆ ಆರನೇ ತಿಂಗಳು ಅಂತ ಬರ್ತದೆ ತಾಯಿ, ಆಮೇಲೆ ಏಳು, ಎಂಟು. ನಾಲ್ಕು ಬರೋದು ಮುಂದಿನ ವರ್ಷಕ್ಕೆ. ಆದ್ರೆ ಚೀಟಿನಾಗೆ ಈ ವರ್ಷ ಬರೆದವ್ರೆ. ಇನ್ನು ಅದು ಎಂದಿಗೂ ಬರೋದಿಲ್ಲ." ಆಮೇಲೆ ನನ್ನ ಮುಖ ನೋಡದೆ, "ತಪ್ಪು ಇರೋವರೆಗೇ ನಿಮ್ಮೋರಿಗೆ ದಾರಿ" ಎಂದರು.

ಉಳಿದದ್ದು ಒಂದೇ ಹತ್ತನೇ ತಾರೀಖು.

ಅವತ್ತು ಬೆಳಗ್ಗೆ ಮಳೆ ಹಿಡಿಯಿತು. ಬೋರ್ಡು ಕೊಟ್ಟ ಮಳೆಯಲ್ಲ, ಆಕಾಶದ್ದೇ ಮಳೆ, ಆ ವರ್ಷದ ಮೊದಲನೆಯದು, ಮಡಕೆಯಲ್ಲಿ ಮೊಗೆದು ಸುರಿದ ಹಾಗೆ. ಇಂಥ ಮಳೆಯಲ್ಲಿ ರಾಚಪ್ಪ ಮನೆ ಬಿಡುವವನಲ್ಲ ಎಂದು ಗೊತ್ತಾಗಿ, ಇದ್ದುದರಲ್ಲಿ ದೊಡ್ಡ ಛತ್ರಿ ಹಿಡಿದು ಅವನ ಮನೆಗೆ ಹೋದೆ. ಬೋರ್ಡು ಹತ್ತುವ ಮೊದಲು ಋತುವೇ ಇಲ್ಲ, ಛತ್ರಿಗೆ ಅಡ್ಡಿಯೂ ಇಲ್ಲ. ಅವನು ಜಗಲಿಯ ಮೇಲೆ ಲುಂಗಿ ಉಟ್ಟು ಕಾಫಿ ಕುಡಿಯುತ್ತ ಕೂತಿದ್ದ. ಮುಖದಲ್ಲಿ ಮದುವಣಿಗನ ಕಳೆ.

"ನಿಮ್ಮದೂ ನನ್ನದೂ ಒಂದೇ ಕತೆ ಹೊನ್ನಕ್ಕ" ಎಂದ. "ನಿಮ್ಮೋರ ದಿನ ದಾಟಿಹೋದ್ರೆ ನಿಮ್ಮೋರು ಒಳಗೇ. ನನ್ನ ದಿನ ದಾಟಿಹೋಯ್ತು, ನಾನೂ ಒಳಗೇ, ಸಾಯೋವರೆಗೂ. ಅವರಿಗೆ ಅದು ಜೈಲು, ನನಗೆ ಕುರ್ಚಿ, ಅಷ್ಟೆ ವ್ಯತ್ಯಾಸ."

"ನಿಂಗೆ ಒಳ್ಳೇದಾಗ್ಲಿ. ಇನ್ನು ಐದರ ಭಯ ಇಲ್ವಲ್ಲ, ಎದ್ದೇಳು."

"ಮಳೆ ನಿಲ್ಲಲಿ ಅಕ್ಕ. ಇವತ್ತೊಂದು ದಿನ ಏನೂ ಎಡವಟ್ಟು ಬ್ಯಾಡ. ನಾಳೆಯಿಂದ ಎಲ್ಲಾ ನೆಟ್ಟಗಾಗ್ತದೆ."

ನಾನು ಛತ್ರಿ ಮಡಚಿ ಜಗಲಿಯ ಮೂಲೆಗಿಟ್ಟು, ಅವನ ಎದುರಿಗೆ ಕೂತೆ. "ಸರಿ, ಬ್ಯಾಡ ಬುಡು. ನಾಳೆಯಿಂದ ನಂಗೂ ಕಾಯೋ ಕೆಲ್ಸ ಇಲ್ಲ. ಮನೇಲಿ ಒಬ್ಬಳೇ ಕೂತು ಏನ್ ಮಾಡ್ಲಿ? ದಿನಾ ನಿನ್ನ ಕಿಟಕಿ ಮುಂದೆ ಬಂದು ಕೂತ್ಕೊತೀನಿ. ನೀನು ಸಾಯೋವರೆಗೂ ಕುರ್ಚಿ ಮೇಲಿರ್ತೀಯ, ನಾನು ಸಾಯೋವರೆಗೂ ಎದುರುಗಡೆ ಇರ್ತೀನಿ. ಊಟ ಆಯ್ತಾ ರಾಚಪ್ಪ ಅಂತ ಕೇಳ್ತಾ ಇರ್ತೀನಿ. ನಮ್ಮವ್ವ ತೊಂಬತ್ತಾರು ವರ್ಷ ಬದುಕಿದ್ಲು ಕಣಪ್ಪ. ನಂಗೆ ತಾಳ್ಮೆ ಜಾಸ್ತಿ."

ಅವನು ಲೋಟ ಕೆಳಗಿಟ್ಟ. ನನ್ನ ಮುಖ ನೋಡಿದ, ಹೊಲಿಗೆಯ ಬುಟ್ಟಿ ತಂದಿದ್ದೇನೆಯೇ ಎಂದು ಮಡಿಲು ನೋಡಿದ. ಆಮೇಲೆ ಒಳಗೆ ಹೋಗಿ ಪ್ಯಾಂಟು ಹಾಕಿಕೊಂಡು ಬಂದ.

ಇಬ್ಬರೂ ಒಂದೇ ಛತ್ರಿಯಲ್ಲಿ ನಡೆದೆವು. ದಾರಿಯಲ್ಲಿ ಎರಡು ಸಲ ನಿಂತ, ಎರಡು ಸಲವೂ ನಾನು ಛತ್ರಿಯನ್ನು ಅವನ ತಲೆಯ ಮೇಲೇ ಹಿಡಿದು ನಿಂತೆ. ಕಚೇರಿಯೊಳಗೆ ಊದುಬತ್ತಿಗೆ ಕೈ ಹಾಕಿದ. ಪೊಟ್ಟಣ ನೆನೆದು ಮುದ್ದೆಯಾಗಿತ್ತು. ಗೋಡೆಯ ಗಡಿಯಾರದ ಕೆಳಗೆ ನಾವಿಬ್ಬರೂ ಕತ್ತೆತ್ತಿಕೊಂಡು ನಿಂತೆವು. ಹತ್ತು ಹೊಡೆದು, ದೊಡ್ಡ ಮುಳ್ಳು ನಾಲ್ಕನೇ ನಿಮಿಷದ ಗೆರೆಗೆ ಬಂತು. "ನೋಡ್ಕೊಳಿ, ನನ್ನ ಸರ್ವೀಸಿನಲ್ಲೇ ಮೊದಲ ಸಲ" ಎಂದು ಗುಂಡಿ ಒತ್ತಿದ.

ಮಳೆಯ ಪರದೆಯ ಆಚೆ ಬೋರ್ಡು ಹತ್ತಿಕೊಂಡಿತು. ಹತ್ತನೇ ತಾರೀಖು, ನಾಲ್ಕನೇ ತಿಂಗಳು, ಇದೇ ವರ್ಷ. ನಾನು ಜೈಲಿನ ಕಡೆ ಹೋದದ್ದು ಓಡಿಕೊಂಡೋ ನಡೆದುಕೊಂಡೋ ನೆನಪಿಲ್ಲ. ಮುದ್ದುರಂಗಯ್ಯನವರು ಒಂದು ಕಣ್ಣು ಮುಚ್ಚಿ ತಾಳೆ ನೋಡುತ್ತಿದ್ದರು. "ಹೊಂದ್ತು ತಾಯಿ" ಎಂದರು. ತಾವೇ ಬಾಗಿಲು ತೆಗೆದರು. ಆಮೇಲೆ ನನ್ನ ಕೈಯ ಛತ್ರಿ ನೋಡಿ, "ಅದನ್ನ ಮಡಚಿ. ಬೋರ್ಡು ಹತ್ತಿದೆ. ನಾಲ್ಕನೇ ತಿಂಗಳು ಬೇಸಿಗೆ" ಎಂದು ಮೆಲ್ಲಗೆ ಹೇಳಿದರು. ಮಡಚಿ ಕಂಕುಳಿಗೆ ಇಟ್ಟುಕೊಂಡೆ.

ನಮ್ಮವರು ಹೊರಗೆ ಬಂದರು. ಸೊರಗಿದ್ದರು. ಅಂಗಿ ಹೆಗಲ ಮೇಲಿಂದ ಜಾರುತ್ತಿತ್ತು. ಬೀದಿಯಲ್ಲಿ ಊರಿನ ಜನ ಛತ್ರಿ ಮಡಚಿಕೊಂಡು, ಧೋ ಎಂದು ಸುರಿಯುವ ನೀರಿನಲ್ಲಿ ಬೀಸಣಿಗೆ ಬೀಸಿಕೊಳ್ಳುತ್ತ ನಡೆಯುತ್ತಿದ್ದರು. ಎಷ್ಟೋ ದಿನದಿಂದ ನೋಡದಿದ್ದ ಹಳೆಯ ತಿಂಗಳು ಬಂದಿತೆಂದು ಎಲ್ಲರಿಗೂ ಖುಷಿ. ಸಾಕವ್ವ ನೀರು ಸುರಿಯುವ ತಲೆಯನ್ನು ಸೆರಗಿನಿಂದ ಒರೆಸಿಕೊಂಡು, "ಬಂದ್ರಾ ಯಜಮಾನ್ರೆ? ಏನ್ ಸೆಕೆ ಅಂತೀರಿ!" ಎಂದು ಕೂಗಿದಳು.

ನಮ್ಮವರು ಆಕಾಶಕ್ಕೆ ಮುಖ ಎತ್ತಿದರು. ಹನಿ ಅವರ ಕಣ್ಣಿನೊಳಗೇ ಬಿದ್ದಿತು. ಈಗ ಮಳೆ ಎಂದುಬಿಡುತ್ತಾರೆ, ಈಗಲೇ ಬಾಯಿ ಮುಚ್ಚಬೇಕು ಎಂದು ನಾನು ಕೈ ಎತ್ತಿದೆ. ಅಷ್ಟರಲ್ಲಿ ಅವರು ಬೋರ್ಡಿನ ಕಡೆ ನೋಡಿದರು. ಓದಿದರು. ಹೆಗಲಿನ ಟವಲಿನಿಂದ ಮುಖ ಒರೆಸಿಕೊಂಡು, ಯಾರೂ ಹೇಳಿಕೊಡದೆಯೇ, "ಹೌದು ಕಣವ್ವ, ಎಂಥಾ ಬಿಸಿಲು" ಎಂದರು.

ಎತ್ತಿದ ಕೈ ಹಾಗೇ ನಿಂತಿತು. ಮೂವತ್ತೆಂಟು ವರ್ಷ ನನ್ನ ಪಕ್ಕದಲ್ಲಿ ಕೂತು ಕಡ್ಡಿ ಕೂರಿಸಿದ ಗಂಡಸಿನ ದನಿಯಲ್ಲಿ ಬೇರೆ ಯಾರೋ ಮಾತಾಡಿದ ಹಾಗಾಯಿತು. ಇಷ್ಟು ದಿನ ನಾನು ಕಿಟಕಿಯ ಎದುರು ಕೂತು ಕಾದದ್ದು ಈ ಮನುಷ್ಯನಿಗಲ್ಲ. ಅಷ್ಟೂ ಕಾಲ ನನ್ನಲ್ಲಿದ್ದ ತಾಳ್ಮೆ ಎಲ್ಲಿ ಹೋಯಿತೋ ಕಾಣೆ. ಕಂಕುಳಲ್ಲಿದ್ದ ಛತ್ರಿ ತೆಗೆದು, ನಡುಬೀದಿಯಲ್ಲಿ, ಪಟಾರನೆ ಬಿಚ್ಚಿದೆ.

ಬೀಸಣಿಗೆಗಳು ನಿಂತವು. ಕಟ್ಟೆಯ ಮೇಲಿದ್ದ ಪೊಲೀಸಿನವನು ಬೇವಿನ ಕಡ್ಡಿ ಬಾಯಿಂದ ತೆಗೆದು ಎದ್ದು ನಿಂತ. ನಮ್ಮವರು ನನ್ನಿಂದ ಒಂದು ಹೆಜ್ಜೆ ಹಿಂದೆ ಸರಿದರು.

"ಮಡಚೇ, ನೋಡ್ತಾವ್ರೆ" ಎಂದರು.

"ನೋಡ್ಲಿ. ನೀವು ನೆನೀತಾ ಇದ್ದೀರಿ. ಬನ್ನಿ."

ಅವರು ಒಂದು ಸಲ ಬೋರ್ಡು ನೋಡಿದರು, ಒಂದು ಸಲ ನನ್ನನ್ನು ನೋಡಿದರು. ಕೊನೆಗೆ, ಬಾಗಿಲು ಗಿಡ್ಡವಾದ ಮನೆಯೊಳಗೆ ಬರುವವರ ಹಾಗೆ ತಲೆ ತಗ್ಗಿಸಿಕೊಂಡು, ಛತ್ರಿಯ ಕೆಳಗೆ ಬಂದರು.